ಸ್ವರಚಿಹ್ನೆ ಅಳಿಸುವ ಅಳತೆಗೋಲು: ವಿಸ್ಪರ್ ಮತ್ತು ಕನ್ನಡ ಉಕ್ತಲೇಖನ

ಲಿನಕ್ಸ್‌ನಲ್ಲಿ ಅಂತರಜಾಲದ ನೆರವಿಲ್ಲದೆ ಉಕ್ತಲೇಖನ ಬಯಸುವ ಕ್ಷೇತ್ರಕಾರ್ಯ ಸಂಶೋಧಕರಿಗೆ, 2022ರಲ್ಲಿ ಓಪನ್‌ಎಐ ಮುಕ್ತವಾಗಿ ಬಿಡುಗಡೆ ಮಾಡಿದ ‘ವಿಸ್ಪರ್’ ಸಹಜ ಆಯ್ಕೆ: ಮಾತುಗಾರರ ಧ್ವನಿ ಗಣಕದಿಂದ ಹೊರಹೋಗಬೇಕಿಲ್ಲ. ಆದರೆ ಅದರ ಲೇಖನ ನೀಡುವ ಕನ್ನಡದ ಪದದೋಷ ಪ್ರಮಾಣವನ್ನು ಈ ಆಯ್ಕೆಗೆ ಆಧಾರವಾಗಿಸಿಕೊಳ್ಳುವುದು ಸಲ್ಲದೆಂಬುದು ನಮ್ಮ ವಾದ.

ದೋಷಗಳನ್ನು ಎಣಿಸುವ ಮೊದಲು ಪಠ್ಯವನ್ನು ಏಕರೂಪಗೊಳಿಸುವ ಅದರ ಕ್ರಮವು, ಇಂಗ್ಲಿಷೇತರ ಭಾಷೆಗಳಲ್ಲಿ, ಯೂನಿಕೋಡ್ ‘ಚಿಹ್ನೆ’ ವರ್ಗಕ್ಕೆ ಸೇರಿಸಿದ ಎಲ್ಲವನ್ನೂ ತೆಗೆದು ತೆರಪನ್ನಿಡುತ್ತದೆ. ಲ್ಯಾಟಿನ್ ಲಿಪಿಗೆ ಇದರಿಂದಾಗುವ ನಷ್ಟ ಅಲ್ಪ. ಕನ್ನಡದ ಸ್ವರಚಿಹ್ನೆ, ಅನುಸ್ವಾರ, ಹಲಂತಚಿಹ್ನೆಗಳೆಲ್ಲ ಆ ವರ್ಗದವೇ. ಹೀಗಾಗಿ ‘ಮಾಡು’, ‘ಮಾಡಿ’, ‘ಮಾಡೆ’ ಮೂರೂ ‘ಮ ಡ’ ಆಗುತ್ತವೆ. ವಿಧಿರೂಪವು ನಿಷೇಧವಾಗಿ ಬರೆಯಲ್ಪಟ್ಟರೂ ದೋಷ ಸೊನ್ನೆ. ಒಂದು ಪದ ಎರಡಾಗಿ ಎಣಿಕೆಯೂ ಕೆಡುತ್ತದೆ.

ಚಿಹ್ನೆಗಳನ್ನು ಉಳಿಸಿಕೊಂಡರಷ್ಟೇ ಸಾಲದು. ‘ಮನೆಯಲ್ಲಿಲ್ಲ’ ಎಂಬುದನ್ನು ‘ಮನೆಯಲ್ಲಿ ಇಲ್ಲ’ ಎಂದು ಬಿಡಿಸಿ ಬರೆದರೆ, ಅರ್ಥ ಕೆಡದಿದ್ದರೂ, ಒಂದು ಪದಕ್ಕೆ ಎರಡು ದೋಷ ಬೀಳುತ್ತವೆ. ಆದ್ದರಿಂದ ಚಿಹ್ನೆಸಹಿತ ಅಕ್ಷರದೋಷ ಪ್ರಮಾಣವನ್ನೂ ಸಂಧಿವಿಕಲ್ಪಗಳನ್ನು ಒಪ್ಪುವ ಪದದೋಷ ಪ್ರಮಾಣವನ್ನೂ ಜೊತೆಯಾಗಿ ನೀಡಬೇಕು.

ಈ ಲೋಪವನ್ನು ಪರಿಶೀಲಿಸಲು ಸಾಧ್ಯವಾದುದು ಆಕರ ಸಂಕೇತ ಮುಕ್ತವಾಗಿದ್ದುದರಿಂದಲೇ. ಅದನ್ನು ತಿದ್ದುವ ಹೊಣೆ ತಂತ್ರಜ್ಞರದಷ್ಟೇ ಅಲ್ಲ, ಕನ್ನಡ ಭಾಷಾವಿಜ್ಞಾನದ್ದೂ ಹೌದು.