ಪ್ರೌಢವಯಸ್ಸಿನಲ್ಲಿ ‘ಮರಳಿ ಮಣ್ಣಿಗೆ’

ಹೆಸರಾಂತ ಕಾದಂಬರಿಯೊಂದನ್ನು ನಲವತ್ತು ತುಂಬಿದ ಮೇಲೆ ಮೊದಲ ಸಲ ಕೈಗೆತ್ತಿಕೊಳ್ಳಲು ಅನೇಕರು ಸಂಕೋಚಪಡುವರು. ಕಲ್ಯಾಣ ನಗರದಂತಹ ಬಡಾವಣೆಗಳ ವಿದ್ಯಾವಂತ ಮನೆಗಳಲ್ಲಿ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯು ಕಪಾಟಿನಲ್ಲಿರುವುದುಂಟು, ಹೆಸರನ್ನು ಬಲ್ಲವರಷ್ಟು ಮಂದಿ ಅದನ್ನು ಓದಿರುವರೆಂದು ಹೇಳಲಾಗದು. ಸಂಕೋಚಕ್ಕೆ ಕಾರಣವಿಲ್ಲ. 1902ರಲ್ಲಿ ಕೋಟದಲ್ಲಿ ಜನಿಸಿದ ಕಾರಂತರು 1940ರ ದಶಕದ ಆರಂಭದಲ್ಲಿ ಈ ಗ್ರಂಥವನ್ನು ಹೊರತಂದಾಗ ತಾವೂ ನಲವತ್ತರ ಆಸುಪಾಸಿನಲ್ಲಿದ್ದರು. ಬರೆದವರ ವಯಸ್ಸಿನಲ್ಲಿಯೇ ಓದುವುದು ತಡವಾದ ಓದೆನಿಸದು.

ಕಥೆಯು ಕೋಡಿ ಗ್ರಾಮದ ರಾಮ ಐತಾಳರು, ಮಗ ಲಚ್ಚ, ಮೊಮ್ಮಗ ರಾಮ ಎಂಬ ಮೂರು ತಲೆಮಾರುಗಳದು. ತರುಣ ಓದುಗನು ಸಹಜವಾಗಿ ಮೊಮ್ಮಗನ ಬೆನ್ನು ಹಿಡಿಯುವನು: ಮದರಾಸಿನ ವಿದ್ಯಾಭ್ಯಾಸ, ಸ್ವಾತಂತ್ರ್ಯದ ಚಳವಳಿ, ನಿರುದ್ಯೋಗ, ಕಡೆಗೆ ಊರಿನ ದಾರಿ. ಸಂಸಾರಭಾರವನ್ನು ಹೊತ್ತವನಿಗೆ ಆ ಭಾಗವೇ ತುಸು ತೆಳುವಾಗಿ ಕಂಡರೆ ಆಶ್ಚರ್ಯವಿಲ್ಲ. ಅಲ್ಲಲ್ಲಿ ವಿಚಾರವು ಮನುಷ್ಯರನ್ನು ಹಿಂದಿಕ್ಕಿ ನಡೆಯುವುದು. ಅವನ ದೃಷ್ಟಿಯು ನೆಡುವುದು ಪೂರ್ವಾರ್ಧದ ಹೆಂಗಸರಲ್ಲಿ. ಐತಾಳರ ಮಡದಿ ಪಾರೋತಿ, ವಿಧವೆಯಾದ ತಂಗಿ ಸರಸೋತಿ, ಇವರಿಬ್ಬರ ಮೈದುಡಿಮೆಯಿಂದಲೇ ಆ ಮನೆ ನಿಂತಿರುವುದು. ಮಕ್ಕಳಿಲ್ಲವೆಂದು ಐತಾಳರು ಮರುಮದುವೆಗೆ ಮನಸ್ಸು ಮಾಡಿದಾಗ, ದುಡಿಮೆಯಲ್ಲಿ ಪಾಲು ಹೊತ್ತವರಿಗೆ ನಿರ್ಣಯದಲ್ಲಿ ಪಾಲಿಲ್ಲವೆಂಬುದು ಬಯಲಾಗುವುದು. ಕಾರಂತರು ಇಲ್ಲಿ ಧ್ವನಿಯೇರಿಸುವುದಿಲ್ಲ, ಐತಾಳರನ್ನು ಖಳರನ್ನಾಗಿ ಮಾಡುವುದೂ ಇಲ್ಲ. ಪಾರೋತಿಯು ಸವತಿಯ ಮಗನನ್ನು ತನ್ನವನೆಂದೇ ಸಾಕುವಳು. ಇಪ್ಪತ್ತರ ವಾಚಕನು ಇದನ್ನು ತಾಳ್ಮೆಯೆಂದು ಮೆಚ್ಚಿ ಮುಂದೆ ಸಾಗುವನು. ನಲವತ್ತರವನು ಆ ತಾಳ್ಮೆಗೆ ತೆತ್ತ ಬೆಲೆಯನ್ನು ಲೆಕ್ಕ ಹಾಕುತ್ತ ಪುಟವನ್ನು ತಿರುವಲಾರನು.

ಲಚ್ಚನ ಪ್ರಕರಣವೂ ಹಾಗೆಯೇ. ಇಂಗ್ಲಿಷು ಕಲಿತು ದೊಡ್ಡವನಾಗಲೆಂದು ಕಳುಹಿಸಿದ ಮಗನು ಊರನ್ನು ತಿರಸ್ಕರಿಸುವುದನ್ನೂ ಕಲಿತು, ಆಸ್ತಿಯನ್ನು ಹಾಳುಗೆಡವಿ, ಪತ್ನಿ ನಾಗವೇಣಿಯನ್ನು ಗೋಳಾಡಿಸುವನು. ಮಕ್ಕಳ ಶಾಲೆಗೆ ಹಣ ತೆತ್ತವರಿಗೆ ಐತಾಳರ ಸಂಕಟವು ಬೇಗ ತಿಳಿಯುವುದು.

ಬೆಂಗಳೂರಿನವರನ್ನು ಇನ್ನೊಂದು ಸಂಗತಿ ಚುಚ್ಚೀತು. ನೆರೆಯ ಶೀನಮಯ್ಯನ ಕುಟುಂಬಕ್ಕೆ ಹಣ ಬರುವುದು ಬೆಂಗಳೂರಿನ ಹೋಟೆಲಿನಿಂದ; ಆ ಹಣವೇ ಕೋಡಿಯಲ್ಲಿ ಪೈಪೋಟಿಯನ್ನು ಎಬ್ಬಿಸುವುದು. ಹಾಗಾದರೆ ಹೆಣ್ಣೂರು, ಬಾಣಸವಾಡಿಗಳ ಸಾಗುವಳಿಯ ನೆಲದ ಮೇಲೆ ಎದ್ದ ಬಡಾವಣೆಯ ವಾಚಕನು ಮರಳಬೇಕಾದ ಮಣ್ಣು ಯಾವುದು? ಹೆಸರನ್ನು ಬರಿಯ ಉಪದೇಶವೆಂದು ಹಿಡಿದರೆ ಗ್ರಂಥವು ಅವನಿಗೆ ಬಾಗಿಲು ತೆರೆಯದು. ಮೊಮ್ಮಗನು ಮರಳಿದ ನೆಲವು ಇಬ್ಬರು ಮುದುಕಿಯರ ಬೆವರು ಕುಡಿದದ್ದು, ಅಲ್ಲಿ ತಾಯಿ ನಾಗವೇಣಿಯು ಅವನ ದಾರಿ ಕಾದಿದ್ದಳು; ಇಷ್ಟನ್ನು ಕಂಡವನು ಆ ಪ್ರಶ್ನೆಯನ್ನು ತನ್ನ ಮನೆಯಲ್ಲಿಯೇ ಕೇಳಿಕೊಳ್ಳಬಲ್ಲನು.

ಕರಾವಳಿಯ ಮಾತುಗಳು ಮೊದಮೊದಲು ತೊಡಕಾಗಬಹುದು. ಆ ಸೀಮೆಯ ಹಿರಿಯರು ಮನೆಯಲ್ಲಿದ್ದರೆ ಅವರಿಂದ ಗಟ್ಟಿಯಾಗಿ ಓದಿಸಿ ಕೇಳುವುದು ಉಚಿತ.