ವಾಣಿಜ್ಯ ಕಟ್ಟಡಗಳೂ ವಾಹನ ನಿಲುಗಡೆಯ ನಿಯಮಗಳೂ: ಕಂಪಲಾಪುರವನ್ನು ದೃಷ್ಟಿಯಲ್ಲಿಟ್ಟುಕೊಂಡ ಒಂದು ವಿಮರ್ಶೆ

೧

ದತ್ತಿಭೂಮಿಯ ಎಲ್ಲೆಗಳನ್ನು ಹೇಳುವ ಶಿಲಾಶಾಸನದಲ್ಲಿ ಆ ಕಾಲದ ಸಮಾಜವ್ಯವಸ್ಥೆಯನ್ನು ಗುರುತಿಸುವುದು ಚರಿತ್ರೆಯ ಅಭ್ಯಾಸಿಗಳ ವಾಡಿಕೆ. ನೆಲವು ಯಾರಿಗೆ ಸೇರಿತು, ಯಾರು ಅದನ್ನು ಬಿಟ್ಟುಕೊಟ್ಟರು, ಯಾವ ಕಾರ್ಯಕ್ಕಾಗಿ ಅದನ್ನು ಮೀಸಲಿಟ್ಟರು ಎಂಬ ಮೂರು ಪ್ರಶ್ನೆಗಳು ಅಲ್ಲಿ ಸಹಜವಾಗಿ ಏಳುತ್ತವೆ. ಇದೇ ಮೂರು ಪ್ರಶ್ನೆಗಳನ್ನು ನಮ್ಮ ಕಾಲದ ವಲಯ ನಿಯಮಾವಳಿಗಳಿಗೂ ಹಾಕಬಹುದು. ಅಂಗಡಿಯನ್ನು ಕಟ್ಟುವವನು ಇಷ್ಟು ಚದರ ಮೀಟರಿಗೆ ಇಷ್ಟು ಕಾರುಗಳಂತೆ ತನ್ನ ನೆಲದಲ್ಲಿ ಸ್ಥಳ ಬಿಡತಕ್ಕದ್ದು ಎಂಬ ವಿಧಿಯು ನೋಟಕ್ಕೆ ತೀರ ಶುಷ್ಕವಾದ ಲೆಕ್ಕ. ಆದರೆ ಅದು ಭೂಮಿಯ ಹಂಚಿಕೆಯ ಒಂದು ಶಾಸನವೇ ಸರಿ. ಆ ವಿಧಿ ಎಲ್ಲಿಂದ ಬಂದಿತು, ಕಂಪಲಾಪುರದಂಥ ಹೆದ್ದಾರಿಯ ಊರಿನಲ್ಲಿ ಅದು ಯಾರಿಗೆ ಅನುಕೂಲ, ಯಾರಿಗೆ ಭಾರ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಂಪಲಾಪುರವು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ, ಮೈಸೂರಿನಿಂದ ಮಡಿಕೇರಿಯ ಕಡೆಗೆ ಹೋಗುವ ೨೭೫ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ತಂಬಾಕು ಮಂಡಲಿಯ ಹರಾಜು ಕಟ್ಟೆಯಿರುವ ಊರು. ಹರಾಜಿನ ತಿಂಗಳುಗಳಲ್ಲಿ ಸುತ್ತಣ ಗ್ರಾಮಗಳ ಬೆಳೆಗಾರರು ಬೇಲುಗಳನ್ನು ಹೇರಿಕೊಂಡು ಇಲ್ಲಿಗೆ ಬರುತ್ತಾರೆ. ಅವರು ಬರುವುದು ಟ್ರಾಕ್ಟರಿನಲ್ಲಿ, ಸರಕಿನ ಆಟೋದಲ್ಲಿ, ಮೋಟಾರು ಬೈಕಿನಲ್ಲಿ, ಬಸ್ಸಿನಲ್ಲಿ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದಿನ ವಿಮರ್ಶೆಗೆ ಇದು ಆಧಾರ.

೨

ವಾಹನಕ್ಕೆ ಸ್ಥಳವನ್ನು ವಿಧಿಸುವ ಚಿಂತನೆ ನಮಗೆ ಹೊಸದಲ್ಲ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ದುರ್ಗದೊಳಗಿನ ಬೀದಿಗಳಿಗೆ ನಾಲ್ಕು ದಂಡಗಳ ಅಗಲವನ್ನು ಹೇಳಿದ್ದಾನೆ. ಹಂಪೆಯ ರಥಬೀದಿಗಳ ವಿಸ್ತಾರಕ್ಕೆ ತೇರೇ ಅಳತೆ. ತೇರು ನಡೆಯದ ದಿನಗಳಲ್ಲಿ ಅದೇ ಬೀದಿ ಪೇಟೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹುಣಸೂರು ಅಮೃತಮಹಲ್ ದನಗಳಿಗೂ ಗಾಡಿಗಳ ತಯಾರಿಕೆಗೂ ಕೊಡಗಿನ ಕಾಫಿಯ ಸಂಸ್ಕರಣಕ್ಕೂ ಹೆಸರಾಗಿದ್ದಿತು. ಈ ಹಳೆಯ ವ್ಯವಸ್ಥೆಗಳಲ್ಲೆಲ್ಲ ಒಂದು ಸಾಮಾನ್ಯ ಲಕ್ಷಣವುಂಟು. ಗಾಡಿ ನಿಲ್ಲುವ ತಾಣವು ಊರಿನದು. ಸಂತೆಯ ಮಾಳ, ಊರ ಮುಂದಣ ಗುಂಡುತೋಪು, ಕೆರೆಯ ಏರಿಯ ಕೆಳಗಣ ಬಯಲು ಇವೇ ತಂಗುದಾಣಗಳು. ಪ್ರತಿಯೊಬ್ಬ ಅಂಗಡಿಯವನೂ ತನ್ನ ಗಿರಾಕಿಯ ಎತ್ತುಗಳಿಗೆ ತನ್ನ ಜಗಲಿಯ ಪಕ್ಕದಲ್ಲೇ ನೆಲ ಬಿಡಬೇಕೆಂದು ಯಾರೂ ವಿಧಿಸಲಿಲ್ಲ.

ಮೋಟಾರಿನ ಕಾಲದಲ್ಲಿ ಈ ಹೊಣೆ ಊರಿನಿಂದ ಕಟ್ಟಡದ ಒಡೆಯನಿಗೆ ವರ್ಗವಾಯಿತು. ಅದರ ಮೂಲ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿದೆ. ನ್ಯೂಯಾರ್ಕ್ ನಗರವು ೧೯೧೬ರಲ್ಲಿ ವಲಯ ನಿರ್ಣಯವನ್ನು ಅಂಗೀಕರಿಸಿತು. ಒಹಾಯೊ ಪ್ರಾಂತದ ಕೊಲಂಬಸ್ ನಗರವು ೧೯೨೩ರಲ್ಲಿ ಬಹುಕುಟುಂಬ ವಸತಿಗಳಿಗೂ, ಕ್ಯಾಲಿಫೋರ್ನಿಯದ ಫ್ರೆಸ್ನೊ ೧೯೩೯ರಲ್ಲಿ ಹೋಟೆಲು ಮತ್ತು ಆಸ್ಪತ್ರೆಗಳಿಗೂ ನಿಲುಗಡೆಯ ಸ್ಥಳವನ್ನು ಕಡ್ಡಾಯ ಮಾಡಿದುವು. ಎರಡನೆಯ ಮಹಾಯುದ್ಧದ ತರುವಾಯ ಈ ಪದ್ಧತಿ ಅಲ್ಲಿ ಸಾರ್ವತ್ರಿಕವಾಯಿತು. ಡೊನಾಲ್ಡ್ ಶೌಪ್ ಎಂಬ ವಿದ್ವಾಂಸನು ೨೦೦೫ರಲ್ಲಿ ಪ್ರಕಟಿಸಿದ ಬೃಹದ್‌ಗ್ರಂಥದಲ್ಲಿ ಈ ಅಂಕಿಗಳ ವಂಶಾವಳಿಯನ್ನು ಶೋಧಿಸಿ, ಒಂದು ಊರು ಮತ್ತೊಂದು ಊರಿನ ಕೋಷ್ಟಕವನ್ನು ನಕಲು ಮಾಡಿದುದೇ ಹೆಚ್ಚೆಂದೂ, ಮೂಲದ ಅಳತೆಗಳು ನಿಲುಗಡೆ ಉಚಿತವಾಗಿದ್ದ, ಬಸ್ಸಿನ ಸೌಕರ್ಯ ವಿರಳವಾಗಿದ್ದ ಉಪನಗರಗಳಲ್ಲಿ ಅತ್ಯಧಿಕ ಸಂದಣಿಯ ಹೊತ್ತಿನಲ್ಲಿ ತೆಗೆದವೆಂದೂ ತೋರಿಸಿದನು. ಅಂಥ ಅಂಕಿಯನ್ನು ಬಸ್ಸಿನಿಂದಿಳಿದು ನಡೆಯುವ ಜನರ ಊರಿಗೆ ತಂದಾಗ ಅದು ಅಳತೆಯಾಗಿ ಉಳಿಯದೆ ಆಜ್ಞೆಯಾಗುತ್ತದೆ.

ನಮ್ಮಲ್ಲಿ ಇಂಥ ವಿಧಿಗಳಿಗೆ ನೆಲೆಯೊದಗಿಸಿದ್ದು ೧೯೬೧ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ. ಅದು ಜಾರಿಗೆ ಬಂದದ್ದು ೧೯೬೫ರಲ್ಲಿ. ಬೆಂಗಳೂರಿಗಾಗಿ ೨೦೦೭ರಲ್ಲಿ ಅಂಗೀಕಾರವಾದ ಪರಿಷ್ಕೃತ ಮಹಾಯೋಜನೆಯ ವಲಯ ನಿಯಮಾವಳಿ ನಮ್ಮ ರಾಜ್ಯದಲ್ಲಿ ಹೆಚ್ಚು ಪರಿಚಿತವಾದುದು. ಅದರಲ್ಲಿ ಚಿಲ್ಲರೆ ವ್ಯಾಪಾರದ ಕಟ್ಟಡಕ್ಕೆ ೫೦ ಚದರ ಮೀಟರಿಗೆ ಒಂದು ಕಾರಿನಂತೆ ಸ್ಥಳವನ್ನು ವಿಧಿಸಲಾಯಿತು. ಒಂದು ಕಾರಿನ ಸ್ಥಳವೆಂದರೆ ಎರಡೂವರೆ ಮೀಟರು ಅಗಲ, ಐದೂವರೆ ಮೀಟರು ಉದ್ದ. ಕಂಪಲಾಪುರದಂಥ ಊರಿನ ಆಡಳಿತಕ್ಕೆ ಬೇರೊಂದು ಕಾಯಿದೆಯುಂಟು. ೧೯೯೩ರ ಪಂಚಾಯತ್ ರಾಜ್ ಕಾಯಿದೆಯ ೬೪ನೆಯ ಪ್ರಕರಣವು ಕಟ್ಟಡಗಳಿಗೆ ಅನುಮತಿ ನೀಡುವ ಅಧಿಕಾರವನ್ನು ಗ್ರಾಮ ಪಂಚಾಯಿತಿಗೆ ಕೊಟ್ಟಿದೆ. ಬೇಸಾಯದ ಭೂಮಿ ವಾಣಿಜ್ಯಕ್ಕೆ ಪರಿವರ್ತನೆಯಾಗಬೇಕಾದರೆ ಭೂಕಂದಾಯ ಕಾಯಿದೆಯ ೯೫ನೆಯ ಪ್ರಕರಣ ಅಡ್ಡ ಬರುತ್ತದೆ. ಊರುಗಳು ಬೆಳೆದು ಯೋಜನಾಪ್ರದೇಶಗಳು ವಿಸ್ತರಿಸಿದಂತೆಲ್ಲ ಪಂಚಾಯಿತಿಯ ಮುಂದೆ ಬರುವ ಸಿದ್ಧ ಮಾದರಿಯು ನಗರದ ಕೋಷ್ಟಕವೇ. ಆದುದರಿಂದ ಆ ಕೋಷ್ಟಕವನ್ನು ಈಗಲೇ ಒರೆಗಲ್ಲಿಗೆ ಹಚ್ಚುವುದು ಯುಕ್ತ.

೩

ಲೆಕ್ಕವನ್ನು ಮಾಡಿ ನೋಡೋಣ. ನಮ್ಮ ಊರುಗಳಲ್ಲಿ ಎಲ್ಲರೂ ಬಲ್ಲ ನಿವೇಶನ ಮೂವತ್ತು ನಲವತ್ತರದು. ಅಂದರೆ ಸುಮಾರು ೧೧೧ ಚದರ ಮೀಟರು. ಅದರಲ್ಲಿ ೭೦ ಚದರ ಮೀಟರಿನ ತಳಹದಿಯ ಮೇಲೆ ಮೂರು ಅಂತಸ್ತುಗಳ ಮಳಿಗೆಯನ್ನು ಕಟ್ಟಿದರೆ ಒಟ್ಟು ೨೧೦ ಚದರ ಮೀಟರಾಗುತ್ತದೆ. ಭಿನ್ನರಾಶಿಯನ್ನು ಬಿಟ್ಟರೂ ನಾಲ್ಕು ಕಾರುಗಳಿಗೆ ಸ್ಥಳ ಬೇಕು. ಕಾರು ನಿಲ್ಲುವ ಚೌಕ ಹದಿನಾಲ್ಕು ಚದರ ಮೀಟರಿಗಿಂತ ಕಡಮೆಯಾದರೂ, ಅದು ಒಳಬಂದು ತಿರುಗುವ ದಾರಿಯನ್ನು ಸೇರಿಸಲೇಬೇಕು. ೨೦೦೭ರಲ್ಲಿಯೇ ಪ್ರಕಟವಾದ ದೆಹಲಿಯ ಮಹಾಯೋಜನೆಯು ಹಾಗೆ ಸೇರಿಸಿ, ಒಂದು ಕಾರಿಗೆ ಬಯಲಿನಲ್ಲಿ ೨೩, ಕಟ್ಟಡದ ಕೆಳಗಣ ನೆಲಮಟ್ಟದಲ್ಲಿ ೨೮, ನೆಲಮಾಳಿಗೆಯಲ್ಲಿ ೩೨ ಚದರ ಮೀಟರುಗಳನ್ನು ಎಣಿಸಿತು. ಈ ಎಣಿಕೆಯಂತೆ ನಮ್ಮ ಮಳಿಗೆಯ ನಾಲ್ಕು ಕಾರುಗಳಿಗೆ ಬಯಲಿನಲ್ಲಿ ೯೨ ಚದರ ಮೀಟರು ಬೇಕು, ಉಳಿದಿರುವುದು ೪೧. ಕಂಬಗಳ ಮೇಲೆ ಕಟ್ಟಡವನ್ನೆತ್ತಿ ಕೆಳಗೆ ನಿಲ್ಲಿಸಿದರೆ ೧೧೨, ನೆಲಮಾಳಿಗೆಯಲ್ಲಾದರೆ ೧೨೮. ನಿವೇಶನವೇ ೧೧೧. ಎರಡು ಅಂತಸ್ತುಗಳಿಗೆ ತೃಪ್ತಿಪಟ್ಟರೂ ಎರಡು ಕಾರುಗಳಿಗೆ ೪೬ ಚದರ ಮೀಟರು ಬೇಕಾಗಿ ೪೧ ಸಾಲದು. ಒಂದೇ ಅಂತಸ್ತಿಗೆ ಮಾತ್ರ ನಿಯಮ ಒಪ್ಪುತ್ತದೆ.

ಇದೇ ನಿಯಮವನ್ನು ಹೆದ್ದಾರಿಯ ಬದಿಯ ಒಂದು ಎಕರೆಗೆ ಅನ್ವಯಿಸೋಣ. ನೆಲ ೪,೦೪೭ ಚದರ ಮೀಟರು. ಅಂತಸ್ತಿಗೆ ೧,೦೦೦ದಂತೆ ಎರಡು ಅಂತಸ್ತು ಕಟ್ಟಿದರೆ ನಲವತ್ತು ಕಾರುಗಳು. ಅವಕ್ಕೆ ಬಯಲಿನಲ್ಲಿ ೯೨೦ ಚದರ ಮೀಟರು. ಕಟ್ಟಡವೂ ಕಾರುಗಳೂ ಸೇರಿ ಎಕರೆಯ ಅರ್ಧವನ್ನೂ ಮುಟ್ಟುವುದಿಲ್ಲ. ನಿಯಮ ಇಬ್ಬರಿಗೂ ಒಂದೇ. ಫಲ ಒಂದೇ ಅಲ್ಲ. ಎಕರೆಯುಳ್ಳವನಿಗೆ ಅದು ಔಪಚಾರಿಕ. ಮೂವತ್ತು ನಲವತ್ತರವನಿಗೆ ಅದು ನಿಷೇಧ. ಇದು ನಿಯಮಕರ್ತರ ಉದ್ದೇಶವಾಗಿದ್ದಿತೆಂದು ನಾವು ಹೇಳುವುದಿಲ್ಲ. ಆದರೆ ಶಾಸನವನ್ನು ಅದರ ಉದ್ದೇಶದಿಂದ ಮಾತ್ರವಲ್ಲದೆ ಅದರ ಫಲದಿಂದಲೂ ಅಳೆಯುವುದು ಚರಿತ್ರಕಾರನ ಧರ್ಮ. ಒತ್ತೊತ್ತಾಗಿ ನಿಂತ ಸಣ್ಣ ಅಂಗಡಿಗಳ ಪೇಟೆ ಮುಂದೆ ಬೆಳೆಯದಂತಾಗಿ, ಊರ ಹೊರಗಣ ಹೊಲಗಳಲ್ಲಿ ವಿಶಾಲವಾದ ಅಂಗಳವುಳ್ಳ ದೊಡ್ಡ ಮಳಿಗೆಗಳು ಏಳುವುದು ಈ ಕೋಷ್ಟಕದ ಸಹಜ ಪರಿಣಾಮ. ಮೈಸೂರಿನ ದೇವರಾಜ ಮಾರುಕಟ್ಟೆಯಾಗಲಿ ೧೮೯೨ರ ಲ್ಯಾನ್ಸ್‌ಡೌನ್ ಕಟ್ಟಡದ ಅಂಗಡಿಗಳಾಗಲಿ ಈ ಕೋಷ್ಟಕದ ಕೈಯಲ್ಲಿ ಅನುಮತಿ ಪಡೆಯಲಾರವು.

ಎರಡನೆಯ ದೋಷ ಎಣಿಕೆಯ ಘಟಕದಲ್ಲಿದೆ. ಕೋಷ್ಟಕವು ಕಾರನ್ನು ಎಣಿಸುತ್ತದೆ. ನಮ್ಮ ದೇಶದಲ್ಲಿ ನೋಂದಣಿಯಾದ ವಾಹನಗಳ ಪೈಕಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ದ್ವಿಚಕ್ರ ವಾಹನಗಳು. ಹರಾಜಿನ ದಿನ ಕಂಪಲಾಪುರಕ್ಕೆ ಬರುವ ಟ್ರಾಕ್ಟರು ಮತ್ತು ಅದರ ಹಿಂದಣ ತೊಟ್ಟಿಗೆ ಐದೂವರೆ ಮೀಟರಿನ ಚೌಕ ಸಾಲದು. ಗೊಬ್ಬರದ ಅಂಗಡಿಗೆ ಬರುವ ಬೈಕಿಗೆ ಅಷ್ಟು ಬೇಡ. ಹೀಗೆ ವಿಧಿಸಿದ ಸ್ಥಳವು ಬರುವ ವಾಹನಕ್ಕೆ ಒಂದೋ ಇಕ್ಕಟ್ಟು, ಇಲ್ಲವೇ ವ್ಯರ್ಥ. ತಂಬಾಕಿನ ಊರಿನಲ್ಲಿ ಸಂದಣಿಯು ಋತುಮಾನವನ್ನು ಅನುಸರಿಸುತ್ತದೆ; ಹರಾಜಿನ ತಿಂಗಳುಗಳ ಬೀದಿಗೂ ಸಸಿಮಡಿಯ ಕಾಲದ ಬೀದಿಗೂ ಹೋಲಿಕೆಯಿಲ್ಲ. ವರ್ಷವಿಡೀ ಒಂದೇ ಅಂಕಿಯನ್ನು ಹೇಳುವ ಕೋಷ್ಟಕಕ್ಕೆ ಋತುವೆಂಬುದೇ ತಿಳಿಯದು.

ಮೂರನೆಯದು, ಪಾಲಿಸಲಾಗದ ನಿಯಮ ಹುಟ್ಟಿಸುವ ಕಪಟ. ನಕ್ಷೆಯಲ್ಲಿ ನಿಲುಗಡೆಯೆಂದು ಬರೆದ ನೆಲಮಾಳಿಗೆಗೆ ಬಾಗಿಲು ಬಂದು, ಬಾಗಿಲಿಗೆ ಫಲಕ ಬಂದು, ಅಲ್ಲೊಂದು ಅಂಗಡಿ ತೆರೆಯುವುದು ನಮ್ಮ ನಗರಗಳಲ್ಲಿ ಬಹುಪರಿಚಿತ ದೃಶ್ಯ. ಕಟ್ಟಡದ ಉಲ್ಲಂಘನೆಗಳನ್ನು ದಂಡ ಪಡೆದು ಕ್ರಮಬದ್ಧಗೊಳಿಸುವ, ಜನರು ಅಕ್ರಮ-ಸಕ್ರಮವೆಂದು ಕರೆಯುವ ವಿಧಿಯನ್ನು ೨೦೦೭ರಲ್ಲಿ ಯೋಜನಾ ಕಾಯಿದೆಗೆ ಸೇರಿಸಿದಾಗ, ವಾಣಿಜ್ಯ ಕಟ್ಟಡಗಳಿಗೆ ನೂರಕ್ಕೆ ೨೫ರವರೆಗಿನ ಉಲ್ಲಂಘನೆಗೆ ಕ್ಷಮೆಯಿದ್ದರೂ ನಿಲುಗಡೆಯ ಸ್ಥಳದ ದುರ್ಬಳಕೆಗೆ ಕ್ಷಮೆಯಿರಲಿಲ್ಲ. ಆ ಯೋಜನೆಗೆ ಸರ್ವೋಚ್ಚ ನ್ಯಾಯಾಲಯವು ೨೦೧೭ರ ಜನವರಿಯಲ್ಲಿ ತಡೆಯಾಜ್ಞೆ ನೀಡಿತು. ಶಾಸಕಾಂಗವು ಇಷ್ಟು ಬಿಗಿಯಾಗಿ ಹಿಡಿದ ವಿಧಿಯನ್ನು ಜನರು ಅಷ್ಟೇ ನಿರಾತಂಕವಾಗಿ ಮೀರುತ್ತಾರೆಂದಮೇಲೆ, ಜನರ ನೀತಿಯನ್ನು ಹಳಿಯುವ ಮುನ್ನ ವಿಧಿಯ ಸಾಧ್ಯತೆಯನ್ನು ವಿಚಾರಿಸಬೇಡವೆ?

೪

ಇದಿರು ಪಕ್ಷದ ವಾದವನ್ನೂ ನ್ಯಾಯವಾಗಿ ಕೇಳಬೇಕು. ನಿಯಮವೇ ಇಲ್ಲದಿದ್ದರೆ ಲಾಭ ಕಟ್ಟಡದ ಒಡೆಯನಿಗೆ, ತೊಡಕು ಬೀದಿಗೆ ಎಂಬುದು ಅವರ ಮುಖ್ಯ ಆಕ್ಷೇಪ. ಇದರಲ್ಲಿ ಸತ್ಯಾಂಶವುಂಟು. ಹೆದ್ದಾರಿಯ ಅಂಚಿನಲ್ಲಿ ಮದುವೆಯ ಮಂಟಪವೊಂದು ಅಂಗಳವಿಲ್ಲದೆ ಎದ್ದರೆ ಲಗ್ನದ ದಿನ ರಸ್ತೆಯೇ ಅಂಗಳವಾಗುತ್ತದೆ. ವೇಗವಾಗಿ ಬರುವ ಬಸ್ಸಿಗೂ ಇಳಿದು ದಾಟುವ ಮಕ್ಕಳಿಗೂ ಅದು ಅಪಾಯ. ೧೯೬೪ರ ಹೆದ್ದಾರಿ ಕಾಯಿದೆ ಕಟ್ಟಡರೇಖೆಯನ್ನು ಗೊತ್ತುಮಾಡುವ ಅಧಿಕಾರ ನೀಡಿದುದು ಈ ಭಯದಿಂದಲೇ. ಆದರೆ ಈ ವಾದದಿಂದ ಸಿದ್ಧವಾಗುವುದು ವಾಹನಗಳಿಗೆ ಸ್ಥಳ ಬೇಕೆಂಬುದು ಮಾತ್ರ. ಆ ಸ್ಥಳವು ಪ್ರತಿಯೊಂದು ಅಂಗಡಿಯ ಒಳಗೇ ಇರಬೇಕೆಂಬುದು ಸಿದ್ಧವಾಗುವುದಿಲ್ಲ. ನೂರಾರು ಜನ ಏಕಕಾಲಕ್ಕೆ ಸೇರುವ ಮಂಟಪಕ್ಕೂ ದಿನವಿಡೀ ಒಬ್ಬೊಬ್ಬರಾಗಿ ಬಂದುಹೋಗುವ ಔಷಧಿಯ ಅಂಗಡಿಗೂ ಒಂದೇ ಬಗೆಯ ಚದರ ಮೀಟರಿನ ಸೂತ್ರ ಹಾಕುವುದು ವಿಚಾರವಲ್ಲ.

ಹೊರಗಣ ಅನುಭವವೂ ಇದನ್ನೇ ಸೂಚಿಸುತ್ತದೆ. ಲಂಡನ್ ನಗರವು ೨೦೦೪ರ ಯೋಜನೆಯಲ್ಲಿ ಕನಿಷ್ಠದ ಬದಲು ಗರಿಷ್ಠ ಮಿತಿಯನ್ನು ಇಟ್ಟಿತು. ಅಮೆರಿಕದ ಬಫಲೊ ೨೦೧೭ರಲ್ಲಿ ಕಡ್ಡಾಯವನ್ನು ತೆಗೆದುಹಾಕಿತು. ಜಪಾನು ೧೯೬೨ರಲ್ಲಿಯೇ ಹೊಣೆಯನ್ನು ಬೇರೆ ಕಡೆ ಹೊರಿಸಿ, ಕಾರು ಕೊಳ್ಳುವವನು ಅದನ್ನಿಡುವ ತಾಣವನ್ನು ತೋರಿಸಬೇಕೆಂದು ವಿಧಿಸಿತು. ನಮ್ಮ ೨೦೦೬ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೂ ನಿಲುಗಡೆಯ ಶುಲ್ಕವು ನೆಲದ ನಿಜವಾದ ಬೆಲೆಯನ್ನು ಪ್ರತಿಬಿಂಬಿಸಬೇಕೆಂದು ಹೇಳಿತು. ಈ ದೃಷ್ಟಾಂತಗಳನ್ನೂ ಕಣ್ಣುಮುಚ್ಚಿ ನಕಲು ಮಾಡಬೇಕೆಂಬುದು ನಮ್ಮ ಆಶಯವಲ್ಲ. ನಕಲೇ ನಮ್ಮ ಆಕ್ಷೇಪದ ವಿಷಯವಷ್ಟೆ.

೫

ಹಾಗಾದರೆ ಕಂಪಲಾಪುರಕ್ಕೆ ಯೋಗ್ಯವಾದುದೇನು? ನಮಗೆ ತೋರುವ ಮಾರ್ಗ ಹಳೆಯದೇ. ಗಾಡಿ ನಿಲ್ಲುವ ತಾಣವು ಮರಳಿ ಊರಿನದಾಗಲಿ. ಸಣ್ಣ ನಿವೇಶನದ ಅಂಗಡಿಗಳಿಗೆ ಕಡ್ಡಾಯದಿಂದ ವಿನಾಯಿತಿ ನೀಡಿ, ಅದಕ್ಕೆ ಪ್ರತಿಯಾಗಿ ಅವರಿಂದ ಮಿತವಾದ ಕಾಣಿಕೆ ಪಡೆದು, ಟ್ರಾಕ್ಟರು, ಬೈಕು, ಬಾಡಿಗೆ ವಾಹನಗಳಿಗೆ ಬೇರೆ ಬೇರೆ ಭಾಗಗಳುಳ್ಳ ಒಂದು ಸಾಮಾನ್ಯ ತಂಗುದಾಣವನ್ನು ಪಂಚಾಯಿತಿಯೇ ನಡೆಸಬಹುದು. ಹರಾಜಿಲ್ಲದ ತಿಂಗಳುಗಳಲ್ಲಿ ಅದೇ ಬಯಲು ಸಂತೆಗೂ ಒಕ್ಕಣೆಗೂ ಒದಗೀತು. ಪಂಚಾಯತ್ ರಾಜ್ ಕಾಯಿದೆಯ ೧೯೯ನೆಯ ಪ್ರಕರಣವು ಮಾರುಕಟ್ಟೆಗೂ ಬಸ್ಸು, ಟ್ಯಾಕ್ಸಿ, ಆಟೋ ನಿಲ್ದಾಣಗಳಿಗೂ ಶುಲ್ಕ ವಿಧಿಸಲು ಪಂಚಾಯಿತಿಗೆ ಅವಕಾಶ ಕೊಟ್ಟಿದೆ. ಅದೇ ಪ್ರಕರಣದಲ್ಲಿ ಮೋಟಾರು ಅಲ್ಲದ ವಾಹನಗಳ ಮೇಲಣ ತೆರಿಗೆಯೂ ಉಳಿದುಕೊಂಡಿದ್ದು, ಗಾಡಿಯ ಕಾಲದ ನೆನಪು ಕಾಯಿದೆಯಿಂದ ಪೂರ್ತಿ ಅಳಿದಿಲ್ಲವೆಂಬುದನ್ನು ತೋರಿಸುತ್ತದೆ. ಮಂಟಪ, ದೊಡ್ಡ ಹೋಟೆಲು, ಎಕರೆಗಟ್ಟಲೆ ಮಳಿಗೆಗಳಿಗೆ ಮಾತ್ರ, ಅವುಗಳ ಸಂದಣಿಯನ್ನು ಪರೀಕ್ಷಿಸಿ, ಒಂದೊಂದಕ್ಕೂ ಪ್ರತ್ಯೇಕವಾಗಿ ಸ್ಥಳವನ್ನು ವಿಧಿಸುವುದು ನ್ಯಾಯ.

ಇದನ್ನು ವಿಚಾರಿಸುವುದಕ್ಕೆ ಕಾಲವೂ ಪಕ್ವವಾಗಿದೆ. ಮೈಸೂರು–ಕುಶಾಲನಗರ ನಡುವಣ ೯೨ ಕಿಲೋಮೀಟರಿನ ಚತುಷ್ಪಥ ಹೆದ್ದಾರಿಗೆ ೨೦೨೩ರ ಮಾರ್ಚಿಯಲ್ಲಿ ಶಂಕುಸ್ಥಾಪನೆ ಆಯಿತು. ಅದು ಪೂರ್ಣಗೊಂಡಮೇಲೆ ಕೊಡಗಿಗೆ ಹೋಗುವ ದೂರಪ್ರಯಾಣದ ಬಹುಭಾಗ ಅತ್ತ ಸರಿಯುವ ಸಂಭವವುಂಟು. ಆಗ ಹಳೆಯ ರಸ್ತೆ ಊರಿನ ಬೀದಿಯಾಗಿ ಮರಳುವುದೋ, ಹೊಸ ಹೆದ್ದಾರಿಯ ಬಾಯಿಯಲ್ಲಿ ಎದ್ದ ದೊಡ್ಡ ಅಂಗಳಗಳ ಮುಂದೆ ಬರಿದಾಗುವುದೋ ಎಂಬುದನ್ನು ನಿರ್ಧರಿಸುವಲ್ಲಿ ಮೇಲೆ ಹೇಳಿದ ಶುಷ್ಕವಾದ ಅಂಕಿಗೂ ಪಾಲಿರುತ್ತದೆ.

ಕೊನೆಯದಾಗಿ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಈ ವಿಷಯದಲ್ಲಿ ಈಗ ಬೇಕಾದುದು ಸ್ಥಳದ ಎಣಿಕೆ. ಹರಾಜಿನ ಒಂದು ದಿನ, ಹರಾಜಿಲ್ಲದ ಒಂದು ದಿನ, ಬೆಳಗಿನಿಂದ ಸಂಜೆಯವರೆಗೆ, ಯಾವ ವಾಹನ ಯಾವ ಅಂಗಡಿಯ ಮುಂದೆ ಎಷ್ಟು ಹೊತ್ತು ನಿಂತಿತು, ಎಷ್ಟು ಜನ ನಡೆದೇ ಬಂದರು ಎಂಬುದನ್ನು ಬರೆದಿಟ್ಟರೆ ಸಾಕು. ಹತ್ತು ಮಂದಿ ವಿದ್ಯಾರ್ಥಿಗಳು ಎರಡು ದಿನಗಳಲ್ಲಿ ಮಾಡಬಹುದಾದ ಈ ಕೆಲಸ, ದೂರದ ಊರಿನಿಂದ ಬಂದ ಕೋಷ್ಟಕಕ್ಕಿಂತ ಹೆಚ್ಚು ಪ್ರಮಾಣವಾದ ದಾಖಲೆಯನ್ನು ಪಂಚಾಯಿತಿಯ ಮುಂದಿಡಬಲ್ಲುದು.