ಬಿಟ್ಟ ಬಲ, ಹಿಡಿದ ಬಲ

ಅಂಗೈಯಿಂದ ಡ್ರ್ಯಾಗನ್ ಹಾರೋದನ್ನ ನೀವೂ ನೋಡಿರ್ತೀರಿ. ಹಾಂಗ್‌ಕಾಂಗಿನ ಕುಂಗ್‌ಫೂ ಕಾಮಿಕ್ಸ್‌ನಲ್ಲಿ ಹೀರೋ ಕೈ ಮುಂದೆ ಚಾಚ್ತಾನೆ, ಬೆಳಕಿನ ಡ್ರ್ಯಾಗನ್ ಒಂದು ಎರಡು ಪುಟದ ಅಗಲಕ್ಕೆ ಬಾಯಿ ತೆಗೆದು ಹೋಗಿ ವೈರಿಯನ್ನು ಗೋಡೆ ಸಮೇತ ಪುಡಿ ಮಾಡುತ್ತೆ. ನೋಡೋಕೆ ಮಜಾ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪಟ್ಟು ಯಾವ ಕಾದಂಬರಿಯಿಂದ ಬಂತೋ, ಆ ಕಾದಂಬರಿ ಹೇಳೋದು ಹೆಚ್ಚುಕಡಿಮೆ ಇದಕ್ಕೆ ಉಲ್ಟಾ.

ಕಾದಂಬರಿ ಬರೆದವರು ಜಿನ್ ಯೊಂಗ್. 1924ರಲ್ಲಿ ಹುಟ್ಟಿದವರು, 2018ರಲ್ಲಿ ತೀರಿಕೊಂಡರು. ವೃತ್ತಿಯಲ್ಲಿ ಪತ್ರಕರ್ತ, 1959ರಲ್ಲಿ ‘ಮಿಂಗ್ ಪಾವ್’ ಪತ್ರಿಕೆ ಶುರು ಮಾಡಿದವರಲ್ಲಿ ಒಬ್ಬರು. 1955ರಿಂದ 1972ರವರೆಗೆ ಇವರ ಕಾದಂಬರಿಗಳು ಪತ್ರಿಕೆಗಳಲ್ಲಿ ಕಂತು ಕಂತಾಗಿ ಬಂದವು. ‘ಲೆಜೆಂಡ್ ಆಫ್ ದ ಕಾಂಡರ್ ಹೀರೋಸ್’ 1957ರಿಂದ 59ರವರೆಗೆ ಬಂದದ್ದು. 2018ರಿಂದ 2021ರೊಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಂಪುಟವಾಗಿ ಬಂದಿದೆ, ನಮ್ಮಂಥವರು ಓದಿದ್ದು ಅದನ್ನೇ.

ಅದರ ನಾಯಕ ಗುವೊ ಜಿಂಗ್ ಒಳ್ಳೆಯವನು, ತಲೆ ಮಾತ್ರ ಸ್ವಲ್ಪ ನಿಧಾನ. ಅವನ ಗುರು ಹೊಂಗ್ ಚಿಗೊಂಗ್ ಭಿಕ್ಷುಕರ ಪಂಗಡದ ಯಜಮಾನ, ಮಹಾ ಊಟದ ಚಪಲದವನು. ನಾಯಕಿ ಹುವಾಂಗ್ ರೊಂಗ್ ದಿನಕ್ಕೊಂದು ರುಚಿಯ ಅಡುಗೆ ಮಾಡಿ ಬಡಿಸಿ, ಹುಡುಗನಿಗೆ ಒಂದೊಂದೇ ಪಟ್ಟು ಗಿಟ್ಟಿಸಿಕೊಡ್ತಾಳೆ. ಡ್ರ್ಯಾಗನ್ ಮಣಿಸುವ ಹದಿನೆಂಟು ಪಟ್ಟುಗಳಲ್ಲಿ ಮೊದಲು ಕಲಿಯೋದರ ಹೆಸರು ಹಳೇ ಚೀನೀ ಗ್ರಂಥ ‘ಯಿ ಚಿಂಗ್’ನಿಂದ ಬಂದದ್ದು. ತೀರಾ ಮೇಲಕ್ಕೆ ಹಾರಿ ಆಮೇಲೆ ಪರಿತಪಿಸಿದ ಡ್ರ್ಯಾಗನ್ ಅನ್ನೋ ಅರ್ಥದ್ದು. ಗುರು ಹೇಳೋ ಗುಟ್ಟು ಇಷ್ಟೇ: ಹೊರಗೆ ಬಿಟ್ಟ ಏಟಿಗಿಂತ ಒಳಗೆ ಉಳಿಸಿಕೊಂಡ ಬಲ ದೊಡ್ಡದಿರಬೇಕು. ಅಂದರೆ ಹೆಸರಿನಲ್ಲಿರೋ ಡ್ರ್ಯಾಗನ್ ಒಂದು ಎಚ್ಚರಿಕೆ. ಕಾಮಿಕ್ಸ್‌ನವರು ಅದನ್ನ ಮಿಸೈಲ್ ಮಾಡಿಬಿಟ್ಟರು.

ಯಾಕೆ ಹಿಂಗಾಯ್ತು ಅನ್ನೋದು ದಡ್ಡತನದ ಪ್ರಶ್ನೆಯಲ್ಲ, ಕಸುಬಿನ ಪ್ರಶ್ನೆ. ಹಾಂಗ್‌ಕಾಂಗಿನ ಕಾಮಿಕ್ಸ್ ವಾರವಾರ ಪೇಪರ್ ಅಂಗಡಿಯಲ್ಲಿ ಮಾರಾಟವಾಗುವ ಸರಕು. ಟೋನಿ ವಾಂಗ್ ಕಟ್ಟಿದ ಜೇಡ್‌ಮ್ಯಾನ್ ಕಂಪನಿ 1986ರಲ್ಲಿ ಷೇರು ಮಾರುಕಟ್ಟೆಗೇ ಹೋಯ್ತು. ಅಲ್ಲಿ ಮುಖ ಬರೆಯೋನು ಒಬ್ಬ, ಹಿನ್ನೆಲೆ ಬರೆಯೋನು ಇನ್ನೊಬ್ಬ, ಬಣ್ಣ ತುಂಬೋನು ಮತ್ತೊಬ್ಬ. ವಾರಕ್ಕೊಂದು ರಿಲೀಸ್ ಅಂದ್ರೆ ವಾರಕ್ಕೊಂದು ಫೈಟ್ ಬೇಕೇ ಬೇಕು. ಸ್ಪ್ರಿಂಟ್ ಕೊನೆಗೆ ಡೆಮೊ ಕೊಡೋ ನಮಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. ಕಣ್ಣಿಗೆ ಕಾಣೋದನ್ನ ತೋರಿಸಬೇಕು. ಒಳಗೆ ಉಳಿದದ್ದನ್ನ ಡೆಮೊದಲ್ಲಿ ತೋರಿಸೋಕಾಗಲ್ಲ.

ಆ ಕಂಪನಿಯಲ್ಲೇ ಹೆಸರು ಮಾಡಿ ಹೊರಬಂದ ಮಾ ವಿಂಗ್-ಶಿಂಗ್, ಜಿನ್ ಯೊಂಗ್‌ರ ‘ಹೆವನ್ಲಿ ಸ್ವೋರ್ಡ್ ಅಂಡ್ ಡ್ರ್ಯಾಗನ್ ಸೇಬರ್’ ಅನ್ನು ಕಾಮಿಕ್ಸ್ ಮಾಡಿದ್ದಾರೆ. ಅದು 2002ರ ಸುಮಾರಿಗೆ ಇಂಗ್ಲಿಷಿಗೂ ಬಂತು. ಬಟ್ಟೆಯ ಮಡಿಕೆ, ಹಾರುವ ಕೂದಲು, ಕತ್ತಿಯ ಮೇಲಿನ ಬೆಳಕು ಇವರಷ್ಟು ಚಂದ ಬರೆಯೋರು ಕಡಿಮೆ. ಆದರೆ ಆ ಕಾದಂಬರಿಯ ಎದೆಯಲ್ಲಿರೋ ಒಂದು ಪ್ರಸಂಗ ನೋಡಿ. ವೈರಿಗಳ ಎದುರಲ್ಲೇ ಮುದುಕ ಗುರು ಜಾಂಗ್ ಸಾನ್‌ಫೆಂಗ್ ಹುಡುಗನಿಗೆ ಕತ್ತಿವರಸೆ ಆಡಿ ತೋರಿಸ್ತಾನೆ, ಎಷ್ಟು ಮರೆತೆ ಅಂತ ಕೇಳ್ತಾನೆ. ಪೂರ್ತಿ ಮರೆತೆ ಅಂದಾಗಲೇ ಹುಡುಗ ಕಾದಾಡೋಕೆ ತಯಾರು. ಮರೆವನ್ನ ಹೆಂಗೆ ಬರೀತೀರಿ? ಪ್ರತಿ ಪುಟವೂ ಕಣ್ಣು ಕೋರೈಸುವಷ್ಟು ತುಂಬಿಕೊಂಡಿರುವ ಶೈಲಿಯಲ್ಲಿ ಖಾಲಿತನಕ್ಕೆ ಜಾಗವೇ ಇರಲ್ಲ.

ಲೀ ಚಿ-ಚಿಂಗ್ ಬರೆದ ‘ಕಾಂಡರ್ ಹೀರೋಸ್’ ಬೇರೆ ದಾರಿ. ಈತ ಚೀನೀ ಶಾಯಿ ಚಿತ್ರಕಲೆಯಿಂದ ಕಲಿತವರು; 2007ರಲ್ಲಿ ಜಪಾನ್ ಸರ್ಕಾರದ ಮೊದಲ ಅಂತಾರಾಷ್ಟ್ರೀಯ ಮಾಂಗಾ ಪ್ರಶಸ್ತಿ ಇವರಿಗೇ ಸಿಕ್ಕಿತು, ಇನ್ನೊಂದು ಕೃತಿಗೆ. ಇವರ ಕುಂಚ ಅರ್ಧಕ್ಕೆ ನಿಲ್ಲುತ್ತೆ, ಬಿಳಿ ಜಾಗ ಹಂಗೇ ಉಳಿಯುತ್ತೆ. ಏಟಿಗಿಂತ ಏಟಿನ ಮುಂಚಿನ ನಿಲುವಿಗೆ ತೂಕ ಜಾಸ್ತಿ. ಮೊದಲ ಓದಿಗೆ ಸಪ್ಪೆ ಅನಿಸಬಹುದು. ಆದರೆ ಕಾದಂಬರಿಗೆ ಹತ್ತಿರ ಇರೋದು ಇದೇ ಅಂತ ನನ್ನ ತೀರ್ಮಾನ.

ಇದೆಲ್ಲ ನಮಗ್ಯಾಕೆ ಅಂದ್ರೆ, ಗುಂಡ್ಲುಪೇಟೆಯಲ್ಲಿ ಪಿಯುಸಿ ಓದೋ ನನ್ನ ಅಕ್ಕನ ಮಗ ಟ್ಯಾಬ್ ಮೇಲೆ ಚಿತ್ರ ಬರೀತಾನೆ. “ಮಾವ, ನಮ್ ಮಾದಪ್ಪುನ್ನೂ ಇಂಗೇ ಬರುದ್ರ ಸಕ್ಕತ್ತಾಗಿರ್ತುದಲ್ವಾ?” ಅಂದ. ಆಸೆ ಸರಿಯಾಗೇ ಇದೆ. ಚೀನೀ ಕಥೆಗಳ ‘ಜಿಯಾಂಗ್‌ಹು’ ಅಂದ್ರೆ ರಾಜನ ಅಂಕೆಗೆ ಸಿಗದ, ಅಲೆಮಾರಿಗಳ, ಭಿಕ್ಷುಕರ, ಸನ್ಯಾಸಿಗಳ ಲೋಕ. ನಮ್ಮ ಎಪ್ಪತ್ತೇಳು ಮಲೆ ಇನ್ನೇನು ಮತ್ತೆ? ಅಲ್ಲೂ ಸೋಲಿಗರಿದ್ದಾರೆ, ಜೋಳಿಗೆ ಹಾಕಿಕೊಂಡು ಕಥೆ ಹಾಡುತ್ತಾ ಭಿಕ್ಷೆ ಎತ್ತುವ ದೇವರಗುಡ್ಡರಿದ್ದಾರೆ. ದಿನಕ್ಕೊಂದು ಕಂತಿನಂತೆ ಅಲ್ಲಿ ಕಾದಂಬರಿ ಬಂದರೆ, ಇಲ್ಲಿ ರಾತ್ರಿಯೆಲ್ಲಾ ಸಾಲು ಸಾಲಾಗಿ ಮಹಾಕಾವ್ಯ ಬರುತ್ತೆ.

ಆದರೆ ಅವನು ‘ಇಂಗೇ’ ಅಂದಾಗ ತೋರಿಸಿದ್ದು ಬೆಂಕಿ ಉಗುಳುವ ಪುಟವನ್ನ. ನನ್ನ ತಕರಾರು ಅಲ್ಲಿದೆ. ಮಾದಪ್ಪನ ಕಥೆಯಲ್ಲಿ ಶ್ರವಣದೊರೆ ಸಾಯೋದು ತೋಳ್ಬಲದಿಂದಲ್ಲ, ಪಾದರಕ್ಷೆಯ ಉಪಾಯದಿಂದ. ಸಂಕಮ್ಮನ ಸಾಲಿನಲ್ಲಿ ಎಲ್ಲರಿಗಿಂತ ಗಟ್ಟಿ ಇರೋದು ಸಂಕಮ್ಮ. ಗಂಡ ನೀಲಯ್ಯ ಎಷ್ಟೇ ಹಿಂಸೆ ಕೊಟ್ಟರೂ ಅವನು ಕೇಳಿದ ಭಾಷೆ ಕೊಡದೆ ನಿಲ್ಲೋದೇ ಅವಳ ಕಾದಾಟ. ಅವಳು ಒಂದು ಏಟೂ ಹೊಡೆಯಲ್ಲ. ಇದನ್ನ ಬೆಳಕಿನ ಗೆರೆಗಳಲ್ಲಿ ಬರೆದರೆ ಕಥೆಯೇ ಸತ್ತುಹೋಗುತ್ತೆ.

ಹಂಗಂತ ಅಮರ ಚಿತ್ರ ಕಥೆಯ ದಾರಿಯೂ ಸಾಲದು. ಕಾರ್ಕಳದ ಅನಂತ ಪೈ ಕಟ್ಟಿದ ಆ ಮಾಲೆಯಿಂದಲೇ ನಾವೆಲ್ಲ ಪುರಾಣ ಕಲಿತದ್ದು, ಋಣ ಇದೆ. ಆದರೆ 32 ಪುಟದಲ್ಲಿ ಹುಟ್ಟು, ಪವಾಡ, ಮಂಗಳ ಎಲ್ಲ ಮುಗಿಸೋ ಅವಸರದಲ್ಲಿ ಸಂಕಮ್ಮ ಸುಮ್ಮನೆ ನಿಂತುಕೊಳ್ಳೋಕೆ ಪುಟ ಎಲ್ಲಿದೆ? ಕಾಂಡರ್ ಹೀರೋಸ್‌ನ ಕಾಮಿಕ್ಸ್‌ನಿಂದ ನಾವು ಮೊದಲು ಕದೀಬೇಕಾದ್ದು ಅದರ ಉದ್ದವನ್ನ. ಡ್ರ್ಯಾಗನ್ ಆಮೇಲೆ.

ಮಾದರಿಯಂತೂ ಕಣ್ಣೆದುರೇ ಇದೆ. ಬೀಸು ಕಂಸಾಳೆ ನೋಡಿ. ಬಟ್ಟಲಿನಂಥದ್ದು ಎಡಗೈಲಿ, ಚಪ್ಪಟೆ ತಾಳಕ್ಕೆ ಉದ್ದನೆ ದಾರ, ಅದು ಬಲಗೈಲಿ. ತಾಳ ತಲೆಯ ಸುತ್ತ ಬೆನ್ನಿನ ಸುತ್ತ ಹಾರಿ ಬಂದು ಬಟ್ಟಲಿಗೇ ಬಡಿಯುತ್ತೆ. ನೋಡೋರಿಗೆ ಕಾಣೋದು ಹಾರಿದ ತಾಳ, ಆಟ ನಡೆಯೋದು ಹಿಡಿದ ದಾರದಿಂದ. ಚಾಮರಾಜನಗರದ ಯಾವ ಅಂಗಡಿಗಾದರೂ ಹೋಗಿ ಕ್ಯಾಲೆಂಡರಿನ ಮಾದಪ್ಪನನ್ನ ನೋಡಿ: ಕೆಳಗೆ ಹುಲಿ, ಮೇಲೆ ಶಾಂತವಾಗಿ ಕೂತ ದೇವರು. ಬಂಡೀಪುರದ ಪಕ್ಕದಲ್ಲಿ ಬೆಳೆದ ನಮಗೆ ಹುಲಿಯ ಬಲ ಎಷ್ಟು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಅದನ್ನೇರಿದವನು ತೋಳು ಉಬ್ಬಿಸಿಲ್ಲ.

ಹುಡುಗನಿಗೆ ಹೇಳಿದ್ದು ಇಷ್ಟೇ: ಬರಿ, ನಿಲ್ಲಿಸಬೇಡ. ಮಾ ವಿಂಗ್-ಶಿಂಗ್ ನೋಡಿ ಬಟ್ಟೆ ಬರೆಯೋದು ಕಲಿ, ಲೀ ಚಿ-ಚಿಂಗ್ ನೋಡಿ ಬಿಡೋದು ಕಲಿ. ಮೊದಲು ಸಂಕಮ್ಮನ ಮುಖ ಬರಿ. ಅದು ಬಂದರೆ ಹುಲಿ ತಾನಾಗೇ ಬರುತ್ತೆ.